ಪೋಸ್ಟ್‌ಪೇಯ್ಡ್ ನಂಬರ್ ಬಂದ್ ಮಾಡಿಸುವುದು ಹೇಗೆ?

ಹೊಸ ಪೋಸ್ಟ್‌ಪೇಯ್ಡ್ ಸಿಮ್ ಬೇಕೆಂದರೆ ಒಂದು ಫೋನ್ ಕರೆ ಸಾಕು. ಕಂಪನಿಯ ಹುಡುಗ ಬೈಕಿನಲ್ಲಿ ಮನೆ ಬಾಗಿಲಿಗೇ ಬರುತ್ತಾನೆ, ಆಧಾರ್ ಕೇಳುತ್ತಾನೆ, ಮುಖದ ಫೋಟೊ ತೆಗೆದುಕೊಳ್ಳುತ್ತಾನೆ, ಸಿಮ್ ಕೈಗಿಟ್ಟು ಹೋಗುತ್ತಾನೆ. ಅದೇ ಸಿಮ್ ಬೇಡವೆನಿಸಿದ ದಿನ ಯಾರೂ ಬರುವುದಿಲ್ಲ. ಆ್ಯಪ್ ತೆರೆದರೆ ದೊಡ್ಡ ಪ್ಲ್ಯಾನಿಗೆ ಹೋಗಲು, ಮನೆಯವರನ್ನು ಸೇರಿಸಲು, ವಿದೇಶಿ ರೋಮಿಂಗ್ ಪ್ಯಾಕ್ ಹಾಕಿಸಲು ಬಟನ್‌ಗಳಿರುತ್ತವೆ. ಕನೆಕ್ಷನ್ ಮುಚ್ಚುವ ಬಟನ್ ಮಾತ್ರ ಹುಡುಕಿದರೂ ಸಿಗದೇ ಹೋಗುವುದೇ ಹೆಚ್ಚು. ರೀಚಾರ್ಜ್ ಅಂಗಡಿಗೆ ಹೋದರೆ “ಇಲ್ಲಿ ಆಗಲ್ಲ ಸರ್, ಕಂಪನಿ ಸ್ಟೋರಿಗೆ ಹೋಗಿ” ಅನ್ನುತ್ತಾರೆ. ಸ್ಟೋರಿಗೆ ಹೋದರೆ “ನಿಮಗೆ ಒಂದು ಕಾಲ್ ಬರುತ್ತೆ, ಅದರಲ್ಲಿ ಹೇಳಿ” ಅನ್ನುತ್ತಾರೆ. ಆ ಕರೆ ಬರುವಷ್ಟರಲ್ಲಿ ಮುಂದಿನ ತಿಂಗಳ ಬಿಲ್ ಬಂದಿರುತ್ತದೆ.

ಈ ಪಾಡು ನಿಯಮವಿಲ್ಲದ್ದರಿಂದ ಬಂದದ್ದಲ್ಲ. ನಿಯಮವಿದೆ, ಗಡುವೂ ಇದೆ, ದೂರು ಕೊಡಲು ಜಾಗವೂ ಇದೆ. ಇವು ಬಿಲ್ ಕಟ್ಟುವವರ ಕಿವಿಗೆ ಬಿದ್ದಿಲ್ಲ, ಅಷ್ಟೆ. ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲು, ಯಾರಿಗೆ ಈ ತೊಂದರೆ? ಭಾರತದ ಮೊಬೈಲ್ ಗ್ರಾಹಕರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಪ್ರೀಪೇಯ್ಡ್‌ನವರು. ಅವರು ಮೊದಲೇ ದುಡ್ಡು ಕೊಟ್ಟಿರುತ್ತಾರೆ. ರೀಚಾರ್ಜ್ ನಿಲ್ಲಿಸಿದರೆ ಸೇವೆ ನಿಲ್ಲುತ್ತದೆ, ಸಾಲವೇನೂ ಬೆಳೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಹಾಗಲ್ಲ. ಅದು ಮೊದಲು ಸೇವೆ, ಆಮೇಲೆ ಬಿಲ್ ಎಂಬ ಒಪ್ಪಂದ. ನೀವು “ಬೇಡ” ಎಂದು ಹೇಳಿ, ಕಂಪನಿ ಅದನ್ನು ತನ್ನ ಕಂಪ್ಯೂಟರಿನಲ್ಲಿ ದಾಖಲಿಸುವವರೆಗೆ ತಿಂಗಳ ಬಾಡಿಗೆ ಏರುತ್ತಲೇ ಇರುತ್ತದೆ. ನೀವು ಕರೆ ಮಾಡಿದಿರೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಜನ ಎಡವುವುದು ಇಲ್ಲೇ. ಸಿಮ್ ತೆಗೆದು ಡ್ರಾಯರಿನಲ್ಲಿಟ್ಟರೆ ಕನೆಕ್ಷನ್ ಹೋಯಿತು ಎಂದುಕೊಳ್ಳುತ್ತಾರೆ. ಇ-ಸಿಮ್ ಇದ್ದವರು ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಅಳಿಸಿ ನಿಶ್ಚಿಂತರಾಗುತ್ತಾರೆ. ಇನ್ನೂ ಹೆಚ್ಚಿನವರು ಬ್ಯಾಂಕಿನಲ್ಲೋ ಯುಪಿಐನಲ್ಲೋ ಆಟೋಪೇ ರದ್ದು ಮಾಡಿ “ಇನ್ನು ದುಡ್ಡು ಹೋಗಲ್ಲ” ಅನ್ನುತ್ತಾರೆ. ಆಟೋಪೇ ರದ್ದು ಮಾಡುವ ಹಕ್ಕು ನಿಮಗೆ ಖಂಡಿತ ಇದೆ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲೇ ನಿಮಗೆ ಸಂದೇಶ ಬರಬೇಕು, ಬೇಡವೆಂದರೆ ತಡೆಯಲು ಅವಕಾಶವಿರಬೇಕು. ಆದರೆ ಆಟೋಪೇ ಎನ್ನುವುದು ಹಣ ಹೋಗುವ ಕೊಳವೆ ಮಾತ್ರ. ಅದನ್ನು ಕಟ್ಟಿದರೆ ಬಾಕಿ ನಿಲ್ಲುವುದಿಲ್ಲ, ಶೇಖರವಾಗುತ್ತದೆ. ಕೆಲವು ತಿಂಗಳಾದ ಮೇಲೆ ಕಂಪನಿಯೇ ಸೇವೆ ಕಡಿದುಹಾಕುತ್ತದೆ ನಿಜ. ಅಷ್ಟರಲ್ಲಿ ಬಾಕಿ, ತಡಪಾವತಿ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ ವಸೂಲಿ ಏಜೆನ್ಸಿಯ ಕರೆಗಳು, ವಕೀಲರ ಹೆಸರಿನ ಪತ್ರಗಳು ಶುರುವಾಗುತ್ತವೆ. ದೂರಸಂಪರ್ಕ ಕಂಪನಿಗಳ ಬಾಕಿ ಕ್ರೆಡಿಟ್ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ನಾಳೆ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಆ ಐನೂರು ರೂಪಾಯಿ ಎದುರಿಗೆ ಬಂದು ನಿಲ್ಲುತ್ತದೆ. ಕಂಪನಿಯೇ ಕಡಿಯಲಿ ಎಂದು ಬಿಲ್ ಕಟ್ಟದೆ ಕೂರುವುದು ಎಲ್ಲಕ್ಕಿಂತ ದುಬಾರಿಯ ದಾರಿ.

ಕೋರಿಕೆ ಸಲ್ಲಿಸುವ ಮೊದಲು

ಕೈಯಲ್ಲಿ ಕಡೆಯ ಬಿಲ್ ಹಿಡಿದು ಕೂತುಕೊಳ್ಳಿ. ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿ. ಹದಿನೈದು ವರ್ಷದ ಹಿಂದೆ ಅಪ್ಪ ತೆಗೆಸಿಕೊಟ್ಟ ಸಿಮ್ಮು ಇವತ್ತಿಗೂ ಅಪ್ಪನ ಹೆಸರಿನಲ್ಲೇ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಹಾಗಿದ್ದರೆ ಅರ್ಜಿಗೆ ಸಹಿ ಹಾಕಬೇಕಾದವರು ಅಪ್ಪ. ಆಫೀಸಿನ ಕನೆಕ್ಷನ್ ಆಗಿದ್ದರೆ ನಿಮ್ಮ ಮಾತು ನಡೆಯುವುದಿಲ್ಲ. ಕಂಪನಿಯ ಅಧಿಕೃತ ಸಹಿದಾರರ ಪತ್ರ ಬೇಕು. ಫ್ಯಾಮಿಲಿ ಪ್ಲ್ಯಾನ್ ಆದರೆ ಯಾವುದು ಮುಖ್ಯ ನಂಬರ್, ಯಾವುವು ಅದರ ಕೆಳಗಿನವು ಎಂದು ಗುರುತಿಸಿಕೊಳ್ಳಿ. ಮುಖ್ಯ ನಂಬರ್ ಮುಚ್ಚಿದರೆ ಉಳಿದವು ಒಂದೋ ಜೊತೆಗೇ ಹೋಗುತ್ತವೆ, ಇಲ್ಲವೇ ಪ್ರತ್ಯೇಕ ಪ್ಲ್ಯಾನಿಗೆ ಬಿದ್ದು ಒಂದೊಂದಕ್ಕೂ ಬೇರೆ ಬಿಲ್ ಬರುತ್ತದೆ. ಅವನ್ನು ಮೊದಲೇ ಬೇರ್ಪಡಿಸುವುದು ಕ್ಷೇಮ.

ಪ್ಲ್ಯಾನಿನ ಜೊತೆ ಸಿನಿಮಾ ಆ್ಯಪ್‌ಗಳ ಚಂದಾ ಸೇರಿದ್ದರೆ ಅದರ ಪುಟಕ್ಕೆ ಹೋಗಿ ನಿಮ್ಮ ಕಾರ್ಡ್ ವಿವರ ಅಲ್ಲಿ ಉಳಿದಿದೆಯೇ ಎಂದು ನೋಡಿ. ಸಿಮ್ ಹೋದ ಮೇಲೂ ಆ ಚಂದಾ ಪೂರ್ಣ ದರದಲ್ಲಿ ಕಾರ್ಡಿನಿಂದ ಹೋಗುತ್ತಿರಬಹುದು. ಫೋನನ್ನು ಕಂತಿನಲ್ಲಿ ಕೊಂಡಿದ್ದರೆ ಆ ಸಾಲ ಬೇರೆ, ಈ ಕನೆಕ್ಷನ್ ಬೇರೆ. ಒಂದನ್ನು ಮುಚ್ಚಿದರೆ ಇನ್ನೊಂದು ಮುಗಿಯುವುದಿಲ್ಲ.

ಬಿಲ್ಲಿನಲ್ಲಿ ನೀವು ಕೇಳದ ಸೇವೆಗಳ ಶುಲ್ಕ, ಹಾಡು, ಜ್ಯೋತಿಷ, ಕ್ರಿಕೆಟ್ ಸುದ್ದಿ ಎಂಬಂಥವು ಇದ್ದರೆ ಅದಕ್ಕೆ ಬೇರೆಯದೇ ಬಾಗಿಲಿದೆ. 155223 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಅವನ್ನು ನಿಲ್ಲಿಸಬಹುದು. ಇಂಥ ಸೇವೆ ಶುರು ಮಾಡಲು ಗ್ರಾಹಕನಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲಿ ಆದೇಶಿಸಿದೆ. ಶುರುವಾದ 24 ಗಂಟೆಯೊಳಗೆ ಬೇಡವೆಂದು ಹೇಳಿದರೆ ಹಣ ವಾಪಸ್ ಬರಬೇಕು.

ಆ ಕರೆ, ಆ ಮಾತು

ಇಷ್ಟಾದ ಮೇಲೆ ಕೋರಿಕೆ. ದೂರುಗಳಿಗೆಂದು ಇರುವ ಉಚಿತ ಸಂಖ್ಯೆ 198. ಅಲ್ಲಿ ಹೇಳಬಹುದು, ಕಂಪನಿಯ ಸ್ವಂತ ಸ್ಟೋರಿಗೆ ಗುರುತಿನ ಚೀಟಿ ಹಿಡಿದು ಹೋಗಬಹುದು, ಇಮೇಲ್ ಕಳಿಸಬಹುದು. ಒಂದನ್ನೇ ನಂಬದೆ ಇಮೇಲ್ ಅಂತೂ ಕಳಿಸಲೇಬೇಕು ಎಂಬುದು ನನ್ನ ಸಲಹೆ. ಕರೆಯಲ್ಲಿ ಆಡಿದ ಮಾತಿನ ಧ್ವನಿಮುದ್ರಣ ಕಂಪನಿಯ ಬಳಿ ಇರುತ್ತದೆ, ನಿಮ್ಮ ಬಳಿ ಇರುವುದಿಲ್ಲ. ಇಮೇಲ್ ಇಬ್ಬರ ಬಳಿಯೂ ಇರುತ್ತದೆ. ಅದರಲ್ಲಿ ಉದ್ದ ಕಥೆ ಬೇಡ: “ನನ್ನ ಹೆಸರಿನಲ್ಲಿರುವ ಈ ಪೋಸ್ಟ್‌ಪೇಯ್ಡ್ ನಂಬರನ್ನು ಶಾಶ್ವತವಾಗಿ ಸ್ಥಗಿತಗೊಳಿಸಿ. ಇಂದಿನ ದಿನಾಂಕವನ್ನು ಕೋರಿಕೆಯ ದಿನವೆಂದು ದಾಖಲಿಸಿ, ಡಾಕೆಟ್ ನಂಬರ್ ತಿಳಿಸಿ. ಕೊನೆಯ ಬಿಲ್ ಮತ್ತು ಬಾಕಿ ಇಲ್ಲ ಎಂಬ ಪತ್ರ ಕಳಿಸಿ. ಠೇವಣಿಯನ್ನು ಈ ಖಾತೆಗೆ ಹಿಂದಿರುಗಿಸಿ.” ಕೆಳಗೆ ಹೆಸರು, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಮತ್ತು ಮುಚ್ಚುತ್ತಿರುವುದಲ್ಲದ ಇನ್ನೊಂದು ಫೋನ್ ನಂಬರ್. ಈ ಇನ್ನೊಂದು ನಂಬರನ್ನು ಕೊಡುವುದನ್ನು ಅನೇಕರು ಮರೆಯುತ್ತಾರೆ. ಸಿಮ್ ಸತ್ತ ಮೇಲೆ ಕಂಪನಿಯ ಎಲ್ಲ ಸಂದೇಶಗಳೂ ಆ ಸತ್ತ ಸಿಮ್ಮಿಗೇ ಹೋಗಿರುತ್ತವೆ.

ಡಾಕೆಟ್ ನಂಬರ್ ಎಂದರೆ ನಿಮ್ಮ ಕೋರಿಕೆಯ ಕ್ರಮಸಂಖ್ಯೆ. ಅದು ಸಿಗದ ಕರೆ, ಮಾಡದ ಕರೆಗೆ ಸಮ. “ನೋಟ್ ಮಾಡಿಕೊಂಡಿದ್ದೀವಿ ಸರ್” ಅಂದರೆ ಸುಮ್ಮನಾಗಬೇಡಿ. ನಂಬರ್ ಹೇಳಿ, ಎಸ್ಎಂಎಸ್ ಕಳಿಸಿ ಎಂದು ಕೇಳಿ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿಯೊಂದು ದೂರಿಗೂ ಡಾಕೆಟ್ ನಂಬರ್ ಕೊಡುವುದು ಕಂಪನಿಯ ಕರ್ತವ್ಯ.

ಆಮೇಲೆ ಒಂದೆರಡು ದಿನದಲ್ಲಿ ಆ ಇನ್ನೊಂದು ಕರೆ ಬರುತ್ತದೆ. ಇದು ಗ್ರಾಹಕರನ್ನು ಉಳಿಸಿಕೊಳ್ಳಲೆಂದೇ ಇರುವ ವಿಭಾಗದ್ದು. ಮಾತು ತುಂಬ ನಯವಾಗಿರುತ್ತದೆ. “ಸರ್, ಎಷ್ಟೋ ವರ್ಷದಿಂದ ನಮ್ಮ ಜೊತೆ ಇದ್ದೀರಿ, ಏನು ತೊಂದರೆ ಆಯ್ತು ಹೇಳಿ ಸರ್. ಮುಂದಿನ ಮೂರು ತಿಂಗಳು ಬಾಡಿಗೆ ಅರ್ಧ ಮಾಡಿ ಕೊಡ್ತೀವಿ. ಆಮೇಲೂ ಬೇಡ ಅನಿಸಿದರೆ ಬಿಡಿ.” ನಮ್ಮ ಜನ ಎದುರಿಗಿದ್ದವರನ್ನು ನೋಯಿಸಬಾರದೆಂದು “ಆಯ್ತಪ್ಪ, ನೋಡೋಣ” ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. “ಗ್ರಾಹಕರು ಮುಂದುವರಿಯಲು ಒಪ್ಪಿದ್ದಾರೆ” ಎಂದು ಷರಾ ಬಿದ್ದು ಕೋರಿಕೆ ವಜಾ ಆಗುತ್ತದೆ. ಆ ಕಡೆಯ ಹುಡುಗನಿಗೂ ಅವತ್ತಿನ ಗುರಿ ಮುಟ್ಟಬೇಕಾದ ಒತ್ತಡ ಇರುತ್ತದೆ, ಅವನ ಮೇಲೆ ರೇಗಿ ಪ್ರಯೋಜನವಿಲ್ಲ. “ಬೇಡಪ್ಪ, ಯಾವ ಆಫರೂ ಬೇಡ, ನನ್ನ ಕೋರಿಕೆ ಹಾಗೇ ಮುಂದುವರಿಯಲಿ” ಎಂಬ ಒಂದೇ ವಾಕ್ಯವನ್ನು ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಹೇಳಿ. ಬೇಡ ಎನ್ನಲು ಕಾರಣ ಕೊಡಬೇಕೆಂಬ ನಿಯಮ ಎಲ್ಲೂ ಇಲ್ಲ. ಕಾರಣ ಕೊಟ್ಟಷ್ಟೂ ಅದಕ್ಕೊಂದು ಪರಿಹಾರ ಬರುತ್ತದೆ, ಮಾತು ಬೆಳೆಯುತ್ತದೆ.

ಇನ್ನೊಂದು ಮಾತಿನ ಬಗ್ಗೆ ಎಚ್ಚರ: “ಸೇಫ್ ಕಸ್ಟಡಿಗೆ ಹಾಕ್ತೀವಿ ಸರ್, ನಂಬರ್ ನಿಮ್ಮದೇ ಇರುತ್ತೆ.” ಅದು ನಂಬರನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ವ್ಯವಸ್ಥೆ. ಅದಕ್ಕೂ ಶುಲ್ಕ ಉಂಟು, ಅವಧಿ ಮುಗಿದರೆ ಮತ್ತೆ ಹಳೆಯ ಬಾಡಿಗೆ. ಕೆಲವು ತಿಂಗಳು ಊರಿನಲ್ಲಿರದವರಿಗೆ ಅದು ಉಪಯುಕ್ತ; ಮುಚ್ಚಬೇಕೆನ್ನುವವರಿಗೆ ಅಲ್ಲ.

ಕೋರಿಕೆ ಸಲ್ಲಿಸಿದ ಏಳು ದಿನದೊಳಗೆ ಸೇವೆ ಮುಚ್ಚಬೇಕು. ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳಲ್ಲಿ ಈ ಗಡುವು 2009ರಿಂದಲೂ ಇದೆ, 2024ರಲ್ಲಿ ಬಂದ ಹೊಸ ನಿಯಮಗಳಲ್ಲೂ ಉಳಿದಿದೆ. ಬಿಲ್ ಚಕ್ರ ಮುಗಿಯುವ ತನಕ ಕಾಯಿರಿ, ಮುಂದಿನ ತಿಂಗಳು ಬನ್ನಿ ಎಂದರೆ ಈ ಏಳು ದಿನದ ಮಾತನ್ನು ಎತ್ತಿ. ನಿಯಮದ ಹೆಸರು ಹೇಳುವ ಗ್ರಾಹಕನ ಜೊತೆ ಮಾತಿನ ಧಾಟಿಯೇ ಬದಲಾಗುತ್ತದೆ.

ಕೊನೆಯ ಬಿಲ್ ಓದುವುದು

ನಿಮ್ಮ ಬಿಲ್ ಚಕ್ರ ಪ್ರತಿ ತಿಂಗಳ 8ರಿಂದ ಮುಂದಿನ ತಿಂಗಳ 7ರವರೆಗೆ ಎಂದಿಟ್ಟುಕೊಳ್ಳಿ. ಪ್ಲ್ಯಾನ್ 499 ರೂಪಾಯಿಯದು. 10ನೇ ತಾರೀಕು ಕೋರಿಕೆ ಕೊಟ್ಟಿರಿ, 16ಕ್ಕೆ ಸೇವೆ ನಿಂತಿತು. ಬಳಸಿದ ದಿನಗಳಿಗಷ್ಟೇ ಬಾಡಿಗೆ ಎಂಬ ಷರತ್ತು ಇದ್ದರೆ 30 ದಿನದ ತಿಂಗಳಿನಲ್ಲಿ ಒಂಬತ್ತು ದಿನಕ್ಕೆ 149 ರೂಪಾಯಿ 70 ಪೈಸೆ. ಅದರ ಮೇಲೆ ಶೇ 18ರ ಜಿಎಸ್‌ಟಿ 26 ರೂಪಾಯಿ 95 ಪೈಸೆ ಸೇರಿ ಒಟ್ಟು 176 ರೂಪಾಯಿ 65 ಪೈಸೆ. ಪ್ಲ್ಯಾನಿನ ಷರತ್ತಿನಲ್ಲಿ ಇಡೀ ತಿಂಗಳ ಬಾಡಿಗೆ ಎಂದಿದ್ದರೆ ಅದೇ ಬಿಲ್ 588 ರೂಪಾಯಿ 82 ಪೈಸೆ ಆಗುತ್ತದೆ. ನಾನೂರಕ್ಕೂ ಹೆಚ್ಚು ರೂಪಾಯಿಯ ವ್ಯತ್ಯಾಸ. ಷರತ್ತು ಹಾಗಿದ್ದರೆ ಚಕ್ರದ ಕೊನೆಗೆ ಸರಿಯಾಗಿ ಏಳೆಂಟು ದಿನ ಮೊದಲು ಕೋರಿಕೆ ಕೊಡುವುದು ಲಾಭ. ಕೊನೆಯ ಬಿಲ್ಲಿನಲ್ಲಿ ಸೇವೆ ನಿಂತ ದಿನಾಂಕ ಏನೆಂದು ಬರೆದಿದ್ದಾರೆ ನೋಡಿ, ನಿಮ್ಮ ಡಾಕೆಟ್‌ನ ದಿನಾಂಕದೊಂದಿಗೆ ತಾಳೆ ಹಾಕಿ. ಏಳು ದಿನ ದಾಟಿದ್ದರೆ ದಾಟಿದ ದಿನಗಳ ಬಾಡಿಗೆಗೆ ತಕರಾರು ಎತ್ತಲು ನಿಮಗೆ ಗಟ್ಟಿ ಕಾರಣವಿದೆ.

ಕನೆಕ್ಷನ್ ಪಡೆಯುವಾಗ ಠೇವಣಿ ಕಟ್ಟಿದ್ದರೆ ಅದು ತಾನಾಗಿ ವಾಪಸ್ ಬರಬೇಕು. ಹಿಂದೆ ಇದಕ್ಕೆ 60 ದಿನದ ಗಡುವಿತ್ತು, 2024ರ ನಿಯಮಗಳಲ್ಲಿ 45 ದಿನಕ್ಕೆ ಇಳಿದಿದೆ. ರೋಮಿಂಗ್ ಅಥವಾ ಐಎಸ್‌ಡಿಗೆಂದು ಬಹಳ ಹಿಂದೆ ಕಟ್ಟಿದ ಠೇವಣಿಯನ್ನು ಮರೆತೇಬಿಟ್ಟವರು ಇದ್ದಾರೆ. ಹಳೆಯ ಬಿಲ್ಲಿನ ಮೊದಲ ಪುಟದಲ್ಲಿ ಅದರ ಸಾಲು ಇರುತ್ತದೆ.

ಸುತ್ತುದಾರಿ, ಆದರೆ ಹತ್ತಿರದ ದಾರಿ

ನೇರವಾಗಿ ಮುಚ್ಚಿಸುವುದಕ್ಕಿಂತ ಸುಲಭವಾದ ಎರಡು ದಾರಿಗಳಿವೆ.

ಒಂದು, ಅದೇ ಕಂಪನಿಯಲ್ಲಿ ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಬದಲಾಗುವುದು. ಮೊದಲು ಇದಕ್ಕೆ ಹೊಸ ಕನೆಕ್ಷನ್‌ನಂತೆ ದಾಖಲೆ ಕೊಡಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಟಿಪಿ ಮೂಲಕವೇ ಬದಲಾಗಲು ಅನುಮತಿ ಕೊಟ್ಟಿತು. ಸಿಮ್ ಅದೇ, ನಂಬರ್ ಅದೇ, ತಿಂಗಳ ಬಿಲ್ ಮಾತ್ರ ಇಲ್ಲ. ಓದಲು ಅಥವಾ ಕೆಲಸಕ್ಕೆ ಹೊರದೇಶಕ್ಕೆ ಹೊರಟ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ವಿಮಾನ ಹತ್ತುವ ಗಡಿಬಿಡಿಯಲ್ಲಿ ಪೋಸ್ಟ್‌ಪೇಯ್ಡ್ ಹಾಗೇ ಬಿಟ್ಟು ಹೋಗುತ್ತಾರೆ. ಆರು ತಿಂಗಳ ಮೇಲೆ ಹಾಸನದಲ್ಲೋ ಶಿರಸಿಯಲ್ಲೋ ಇರುವ ಅಪ್ಪ ಅಮ್ಮನಿಗೆ ವಸೂಲಿಯವರ ಕರೆ ಬರುತ್ತದೆ. ಹೊರಡುವ ಒಂದು ವಾರ ಮೊದಲೇ ಪ್ರೀಪೇಯ್ಡ್ ಮಾಡಿಸಿಕೊಂಡರೆ ಬ್ಯಾಂಕಿನ ಒಟಿಪಿಗೆ ನಂಬರ್ ಉಳಿಯುತ್ತದೆ, ಬೇಡವಾದ ದಿನ ರೀಚಾರ್ಜ್ ನಿಲ್ಲಿಸಿದರಾಯಿತು. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ಸ್ಥಗಿತಗೊಳಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ನಂಬರ್ ಉಳಿಸುವ ವ್ಯವಸ್ಥೆಯೂ 2013ರಿಂದ ಇದೆ.

ಎರಡನೆಯದು ಪೋರ್ಟ್. ಕಂಪನಿ ಬೇಡ, ನಂಬರ್ ಬೇಕು ಎನ್ನುವವರ ದಾರಿ. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ರಂದು ದೇಶದಾದ್ಯಂತ ಬಂದ ಈ ವ್ಯವಸ್ಥೆ ಗ್ರಾಹಕನಿಗೆ ಸಿಕ್ಕ ದೊಡ್ಡ ಬಲ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನದ ಆಯಸ್ಸು. ಅದನ್ನು ಹೊಸ ಕಂಪನಿಗೆ ಕೊಟ್ಟರೆ ರಾಜ್ಯದೊಳಗಿನ ಪೋರ್ಟ್ ಮೂರು ಕೆಲಸದ ದಿನಗಳಲ್ಲಿ, ಬೇರೆ ದೂರಸಂಪರ್ಕ ವೃತ್ತದ್ದಾದರೆ ಐದು ಕೆಲಸದ ದಿನಗಳಲ್ಲಿ ಮುಗಿಯಬೇಕು. ಹಳೆಯ ಕಂಪನಿಗೆ ಬೇರೆ ಅರ್ಜಿ ಕೊಡಬೇಕಾಗಿಲ್ಲ, ಪೋರ್ಟ್ ಆದ ಕ್ಷಣ ಅಲ್ಲಿಯ ಕನೆಕ್ಷನ್ ಮುಗಿಯುತ್ತದೆ.

2019ರ ಡಿಸೆಂಬರ್ 16ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಇದು ಇನ್ನೂ ಗಟ್ಟಿಯಾಯಿತು. ಮೊದಲೆಲ್ಲ ಕೋಡ್ ಸಿಕ್ಕಮೇಲೂ ಯಾವುದೋ ಕಾರಣ ಹೇಳಿ ಪೋರ್ಟ್ ತಿರಸ್ಕರಿಸುತ್ತಿದ್ದರು. ಈಗ ಅರ್ಹತೆ ನೋಡಿಯೇ ಕೋಡ್ ಕೊಡುತ್ತಾರೆ, ಕೊಡುವುದೂ ಮಧ್ಯದ ಪೋರ್ಟಿಂಗ್ ಸಂಸ್ಥೆ. ನೀವು ಆ ಕಂಪನಿಗೆ ಬಂದು 90 ದಿನ ಆಗಿರಬೇಕು, ನೀಡಿರುವ ಬಿಲ್ಲುಗಳ ಬಾಕಿ ತೀರಿರಬೇಕು, ಮಾಲೀಕತ್ವ ಬದಲಾವಣೆಯ ಅರ್ಜಿ ಬಾಕಿ ಇರಬಾರದು, ನಂಬರಿನ ಮೇಲೆ ಕೋರ್ಟಿನಲ್ಲಿ ವ್ಯಾಜ್ಯ ಇರಬಾರದು, ಒಪ್ಪಂದದ ನಿರ್ಗಮನ ಷರತ್ತು ಪೂರೈಸಿರಬೇಕು. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಕಳೆದುಹೋದ ಸಿಮ್ ಬದಲಿಗೆ ಹೊಸದು ಪಡೆದಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಬೇರೆಯವರ ನಂಬರಿಗೆ ನಕಲಿ ಸಿಮ್ ಪಡೆದು ಬ್ಯಾಂಕ್ ಖಾತೆ ಬರಿದು ಮಾಡುವ ವಂಚಕರನ್ನು ತಡೆಯಲು ತಂದ ನಿಯಮ ಅದು.

ಪೋರ್ಟ್ ಆದವರು ಮರೆಯುವ ಸಂಗತಿಯೊಂದಿದೆ. ಕಡೆಯ ಬಿಲ್ ಬಂದ ದಿನದಿಂದ ಪೋರ್ಟ್ ಆದ ದಿನದವರೆಗಿನ ಬಳಕೆಗೆ ಹಳೆಯ ಕಂಪನಿ ಇನ್ನೊಂದು ಬಿಲ್ ಕಳಿಸುತ್ತದೆ. ಅದನ್ನು ಕಟ್ಟದಿದ್ದರೆ ಹೊಸ ಕಂಪನಿಯ ಕೈಯಲ್ಲೇ ನಿಮ್ಮ ನಂಬರನ್ನು ಕಡಿಸುವ ಅಧಿಕಾರ ಹಳೆಯ ಕಂಪನಿಗಿದೆ. ಹೊಸ ಕಂಪನಿಗೆ ಸರಿಯಾಗಿ ದುಡ್ಡು ಕಟ್ಟುತ್ತಿದ್ದರೂ ಒಂದು ದಿನ ಇದ್ದಕ್ಕಿದ್ದಂತೆ ಫೋನ್ ಸತ್ತರೆ ಅದರ ಹಿಂದಿನ ಕಾರಣ ಇದಾಗಿರಬಹುದು.

ತೀರಿಹೋದವರ ಫೋನ್

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ನಂಬರ್ ನಿಲ್ಲಿಸಲು ಕಸ್ಟಮರ್ ಕೇರ್‌ಗೆ ಕರೆ ಮಾಡಿದ್ದರು. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು ಎಂಬ ಉತ್ತರ ಬಂತು. “ಅವರಿಲ್ಲಪ್ಪ” ಎಂದರು. “ಯಾವಾಗ ಬರ್ತಾರೆ ಮೇಡಂ?” ಎಂದು ಆ ಕಡೆಯಿಂದ ಕೇಳಿತು. ಅವರು ಫೋನ್ ಇಟ್ಟುಬಿಟ್ಟರು, ಮುಂದೆ ಎಷ್ಟೋ ತಿಂಗಳು ಸುಮ್ಮನೆ ಬಿಲ್ ಕಟ್ಟಿದರು. ಇಂಥ ಮನೆಗಳು ಒಂದೆರಡಲ್ಲ. ಈ ಮಾತನ್ನು ಬರೆಯಲು ನನಗೆ ಕಾರಣವೇ ಅವರು.

ಇಂಥ ಸಂದರ್ಭದಲ್ಲಿ ಕಸ್ಟಮರ್ ಕೇರ್‌ಗೆ ಕರೆ ಮಾಡಬೇಡಿ. ಮರಣ ಪ್ರಮಾಣಪತ್ರದ ಪ್ರತಿ, ನಿಮ್ಮ ಗುರುತಿನ ಚೀಟಿ, ಅವರೊಂದಿಗಿನ ಸಂಬಂಧ ತೋರಿಸುವ ದಾಖಲೆ ಹಿಡಿದು ಮನೆಯ ಇನ್ನೊಬ್ಬರು ಕಂಪನಿಯ ಸ್ಟೋರಿಗೆ ನೇರ ಹೋಗುವುದು ಒಳ್ಳೆಯದು. ಕರ್ನಾಟಕದಲ್ಲಿ ಮರಣ ಪ್ರಮಾಣಪತ್ರ ಇ-ಜನ್ಮ ಜಾಲತಾಣದಲ್ಲಿ ಸಿಗುತ್ತದೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದೇ ದಾಖಲೆಗಳ ಮೇಲೆ ನಂಬರನ್ನು ಹೆಂಡತಿ ಅಥವಾ ಮಕ್ಕಳ ಹೆಸರಿಗೆ ವರ್ಗಾಯಿಸಿಕೊಳ್ಳಲೂ ಬಹುದು. ಪಿಂಚಣಿ, ವಿಮೆ, ಬ್ಯಾಂಕಿನ ಕೆಲಸಗಳಲ್ಲಿ ಆ ನಂಬರ್ ಇನ್ನೂ ಕೆಲಕಾಲ ಬೇಕಾಗಬಹುದಾದ್ದರಿಂದ ಅವಸರದಲ್ಲಿ ಮುಚ್ಚದೆ, ಮೊದಲು ಹೆಸರು ಬದಲಿಸಿಕೊಂಡು ಪ್ರೀಪೇಯ್ಡ್ ಮಾಡಿಸುವುದು ಎಷ್ಟೋ ಮನೆಗಳಿಗೆ ಸರಿಹೊಂದುತ್ತದೆ.

ಕೇಳದಿದ್ದರೆ ಎಲ್ಲಿಗೆ?

ಏಳು ದಿನ ದಾಟಿಯೂ ಕನೆಕ್ಷನ್ ಮುಚ್ಚದಿದ್ದರೆ, ಮುಚ್ಚಿದ ಮೇಲೂ ಬಿಲ್ ಬಂದರೆ, 198ಕ್ಕೆ ದೂರು ಕೊಟ್ಟು ಹೊಸ ಡಾಕೆಟ್ ಪಡೆಯಿರಿ. ಪರಿಹಾರ ಸಿಗದಿದ್ದರೆ ಅಥವಾ ಸಿಕ್ಕಿದ್ದು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಇಮೇಲ್ ಸಾಕು. ಮೇಲ್ಮನವಿಯನ್ನು 39 ದಿನದೊಳಗೆ ಇತ್ಯರ್ಥ ಮಾಡಬೇಕು. ಪ್ರತಿ ಕಂಪನಿಯ ವೆಬ್‌ಸೈಟಿನಲ್ಲಿ ಅದರ ವಿಳಾಸ ಇರಲೇಬೇಕು. ಈ ಎರಡನೇ ಮೆಟ್ಟಿಲು ಇದೆ ಎಂಬುದೇ ಬಹುಪಾಲು ಗ್ರಾಹಕರಿಗೆ ಗೊತ್ತಿಲ್ಲ. ಮೊದಲ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಪ್ರಕರಣ ಇಲ್ಲಿ ಬರೆದ ತಕ್ಷಣ ಮುಗಿಯುವುದುಂಟು.

ಟ್ರಾಯ್‌ಗೇ ಬರೆದುಬಿಡುತ್ತೇನೆ ಎನ್ನುವವರಿದ್ದಾರೆ. ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ. ಮುಂದಿನ ಬಾಗಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಾದ ಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

ಈ ಕೊನೆಯ ಬಾಗಿಲು ಬಹಳ ವರ್ಷ ಮುಚ್ಚಿದಂತಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಟೆಲಿಗ್ರಾಫ್ ಕಾಯ್ದೆಯ 7-ಬಿ ಕಲಮಿನ ಆಧಾರದ ಮೇಲೆ, ದೂರವಾಣಿ ಬಿಲ್ಲಿನ ತಕರಾರು ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದಿತ್ತು. ಕಂಪನಿಗಳ ವಕೀಲರು ಅದನ್ನೇ ಮುಂದಿಟ್ಟು ಪ್ರಕರಣ ವಜಾ ಮಾಡಿಸುತ್ತಿದ್ದರು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ಮತ್ತು ಅಜಯ್ ಕುಮಾರ್ ಅಗರ್‌ವಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಗ್ರಾಹಕನಿಗೆ ಇದ್ದೇ ಇದೆ ಎಂದು ಸ್ಪಷ್ಟಪಡಿಸಿತು. ಈಗ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದ್ದರೆ ಅಲ್ಲಿಗೆ ಓಡಬೇಕಾಗಿಲ್ಲ. ಸೇವೆಗೆ ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ, ಮೊಬೈಲ್ ಬಿಲ್ ಅಷ್ಟು ಆಗುವ ಮಾತೇ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು.

ಇದರ ಜೊತೆಗೆ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯೂ ನಿಮ್ಮ ಕಡೆಗಿದೆ. ವೆಬ್‌ಸೈಟು, ಆ್ಯಪ್‌ಗಳಲ್ಲಿ ಗ್ರಾಹಕನನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ತಂತ್ರಗಳನ್ನು ಅದು ಪಟ್ಟಿ ಮಾಡಿದೆ. ಚಂದಾ ಬಲೆ ಅವುಗಳಲ್ಲೊಂದು: ರದ್ದು ಮಾಡುವ ಆಯ್ಕೆಯನ್ನು ಅಡಗಿಸಿಡುವುದು, ರದ್ದು ಮಾಡುವುದನ್ನು ಬೇಕೆಂದೇ ಉದ್ದವಾಗಿ, ಗೊಂದಲವಾಗಿ ಇಡುವುದು. ಆ್ಯಪ್‌ನಲ್ಲಿ ಸೇರಲು ಬಟನ್ ಇದ್ದು ಹೊರಬರಲು ಇಲ್ಲದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಲಗತ್ತಿಸಿ.

ಮುಚ್ಚಿದ ಮೇಲಿನ ಕೆಲಸ

ನಂಬರ್ ಸತ್ತರೂ ಅದರ ಸಂಬಂಧಗಳು ಸಾಯುವುದಿಲ್ಲ. ಕನೆಕ್ಷನ್ ಮುಚ್ಚಿದ 90 ದಿನಗಳವರೆಗೆ ಆ ನಂಬರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು, ಕೊಡುತ್ತಾರೆ. ಆಗ ನಿಮ್ಮ ಬ್ಯಾಂಕಿನ ಒಟಿಪಿ ಅಪರಿಚಿತರ ಫೋನಿಗೆ ಹೋಗುತ್ತದೆ. ರದ್ದಾದ ನಂಬರುಗಳ ಪಟ್ಟಿಯನ್ನು ಬ್ಯಾಂಕುಗಳು ನೋಡಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಸಿಮ್ ಜೀವಂತ ಇರುವಾಗಲೇ ಬ್ಯಾಂಕು, ಯುಪಿಐ, ವಾಟ್ಸ್‌ಆ್ಯಪ್, ಡಿಜಿಲಾಕರ್, ಭವಿಷ್ಯ ನಿಧಿ, ಗ್ಯಾಸ್ ಬುಕಿಂಗ್, ಫಾಸ್ಟ್ಯಾಗ್, ಸೇವಾಸಿಂಧು ಎಲ್ಲ ಕಡೆ ಹೊಸ ನಂಬರ್ ಹಾಕಿ. ಹಳೆಯ ಸಿಮ್ಮಿಗೆ ಒಟಿಪಿ ಬರುತ್ತಿರುವಾಗ ಐದು ನಿಮಿಷದ ಕೆಲಸ. ಅದು ಸತ್ತ ಮೇಲೆ ಒಂದೊಂದಕ್ಕೂ ಕಚೇರಿಗೆ ಅಲೆದಾಟ.

ಕೊನೆಗೆ ಸಂಚಾರ್ ಸಾಥಿಗೆ ಹೋಗಿ. ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಿನಲ್ಲಿ ಶುರು ಮಾಡಿದ ಈ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಕನೆಕ್ಷನ್ ಇವೆ ಎಂದು ನೋಡಬಹುದು. ಮುಚ್ಚಿದ್ದೇನೆ ಎಂದುಕೊಂಡ ನಂಬರ್ ಇನ್ನೂ ಅಲ್ಲಿ ಕಾಣುತ್ತಿದ್ದರೆ “ಇದು ಬೇಕಿಲ್ಲ” ಎಂದು ಗುರುತು ಮಾಡಿ. ನಿಮಗೆ ಗೊತ್ತೇ ಇಲ್ಲದ ನಂಬರ್ ಕಂಡರೆ “ಇದು ನನ್ನ ನಂಬರ್ ಅಲ್ಲ” ಎಂದು ಗುರುತಿಸಿ. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ಗಿಂತ ಹೆಚ್ಚು ಇರುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದನ್ನು ಮೀರಿದವರಿಗೆ ಮೊದಲ ಸಲ 50,000 ರೂಪಾಯಿವರೆಗೆ, ಮತ್ತೆ ಮೀರಿದರೆ ಎರಡು ಲಕ್ಷದವರೆಗೆ ದಂಡವಿದೆ. ಹಾಗಾಗಿ ಬೇಡದ ಸಿಮ್ಮನ್ನು ಹೆಸರಿನಿಂದ ತೆಗೆಸುವುದು ಬಿಲ್ಲಿನ ಪ್ರಶ್ನೆ ಮಾತ್ರ ಅಲ್ಲ.

ಆಗಬೇಕಾದದ್ದು

ಇಷ್ಟೆಲ್ಲ ನೋಡಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ನಂಬರ್ ಹಿಡಿದುಕೊಂಡು ಕಂಪನಿ ಬಿಡಲು ಒಂದೇ ಎಸ್ಎಂಎಸ್ ಸಾಕು. ಪೂರ್ತಿ ಬಿಡಲು ಇಷ್ಟು ಮೆಟ್ಟಿಲು. ದೇಶದಲ್ಲಿ ತಿಂಗಳಿಗೆ ಒಂದು ಕೋಟಿಗೂ ಮೀರಿ ಪೋರ್ಟ್ ಕೋರಿಕೆಗಳು ಬರುತ್ತವೆ, ಸರಾಗವಾಗಿ ನಡೆಯುತ್ತವೆ. ಕಾರಣ, ಕೋಡ್ ಕೊಡುವುದು ಗ್ರಾಹಕನನ್ನು ಕಳೆದುಕೊಳ್ಳುವ ಕಂಪನಿಯಲ್ಲ. ಮುಚ್ಚುವ ಕೋರಿಕೆ ಮಾತ್ರ ಇವತ್ತಿಗೂ ಅದೇ ಕಂಪನಿಯ ಕೈಯಲ್ಲಿದೆ.

ಬ್ರಿಟನ್ನಿನಲ್ಲಿ 2019ರ ಜುಲೈ 1ರಿಂದ ಎರಡಕ್ಕೂ ಎಸ್ಎಂಎಸ್ ಇದೆ. ನಂಬರ್ ಉಳಿಸಿಕೊಂಡು ಹೋಗುವವರು 65075ಕ್ಕೆ, ಹಳೆಯ ನಂಬರ್ ಬೇಡ, ಬೇರೆ ಕಂಪನಿಯಲ್ಲಿ ಹೊಸದು ಪಡೆಯುತ್ತೇನೆ ಎನ್ನುವವರು 75075ಕ್ಕೆ ಸಂದೇಶ ಕಳಿಸಿದರೆ ಕೂಡಲೇ ಕೋಡ್ ಬರುತ್ತದೆ, ಜೊತೆಗೆ ಒಪ್ಪಂದ ಮುರಿದರೆ ಎಷ್ಟು ಕೊಡಬೇಕು ಎಂಬ ಲೆಕ್ಕವೂ. ಕಂಪನಿಯೊಂದಿಗೆ ಮಾತನಾಡಲೇಬೇಕಾಗಿಲ್ಲ. ಜರ್ಮನಿಯಲ್ಲಿ 2022ರ ಜುಲೈನಿಂದ, ಒಪ್ಪಂದ ಮಾಡಿಕೊಳ್ಳಲು ವೆಬ್‌ಸೈಟಿನಲ್ಲಿ ಅವಕಾಶ ಕೊಟ್ಟ ಕಂಪನಿ ಅದನ್ನು ಕೊನೆಗೊಳಿಸುವ ಬಟನ್ನನ್ನೂ ಅಲ್ಲೇ ಎದ್ದು ಕಾಣುವಂತೆ ಇಡಬೇಕು ಎಂಬ ಕಾನೂನಿದೆ. ಅಲ್ಲಿರುವ ನಮ್ಮ ಊರಿನ ಹುಡುಗರು ಇದನ್ನು ದಿನನಿತ್ಯದ ಸಂಗತಿಯೆಂಬಂತೆ ಬಳಸುತ್ತಾರೆ.

ನಮ್ಮಲ್ಲಿ ಇದಕ್ಕೆ ಬೇಕಾದ ಯಂತ್ರ ಆಗಲೇ ಇದೆ. 1900 ಇದೆ, ಬಾಕಿಯನ್ನು ಪರಿಶೀಲಿಸುವ ವ್ಯವಸ್ಥೆ ಇದೆ, ಒಟಿಪಿ ಇದೆ. ಪೋರ್ಟ್ ಎಂಬ ಪದದ ಜೊತೆ ಮುಚ್ಚಿ ಎಂಬ ಇನ್ನೊಂದು ಪದವನ್ನು ಆ ಸಂಖ್ಯೆ ಒಪ್ಪಿಕೊಳ್ಳುವಂತೆ ಮಾಡಬೇಕು, ಮೃತರ ಕನೆಕ್ಷನ್‌ಗೆ ಪ್ರತಿ ಕಂಪನಿಯೂ ಬೇರೆಯದೇ ಆದ ಮೇಜು ಇಡಬೇಕು. ನಿಯಮ ರೂಪಿಸುವ ಮೊದಲು ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಸಾಮಾನ್ಯ ಗ್ರಾಹಕರೂ ಅದಕ್ಕೆ ಇಮೇಲ್‌ನಲ್ಲಿ ಉತ್ತರ ಕಳಿಸಬಹುದು. ಮುಂದಿನ ಸಲ ಸೇವಾ ಗುಣಮಟ್ಟದ ಮೇಲೆ ಅಂಥ ಪತ್ರ ಬಂದಾಗ, ನೀವು ಪಟ್ಟ ಪಾಡನ್ನು ಡಾಕೆಟ್ ನಂಬರಿನ ಸಮೇತ ಬರೆದು ಕಳಿಸಿ.